ಹೊಸ ಅಂಗಡಿ ನಡೆದೀತೇ? ಅಡ್ವಾನ್ಸ್ ಕೊಡುವ ಮುನ್ನ ಮನೆಯಲ್ಲೇ ಹಾಕಬೇಕಾದ ಲೆಕ್ಕ

ಅಂಗಡಿ ಇಡುವ ಯೋಚನೆ ನಮ್ಮ ಸಮಾಜದ ಮನೆಗಳಿಗೆ ಹೊಸದಲ್ಲ. ದಿನಸಿ, ಬಟ್ಟೆ, ಪಾತ್ರೆ, ಕಾಳುಕಡಿ ಎಂದು ಎರಡು ಮೂರು ತಲೆಮಾರು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತ ಕುಟುಂಬಗಳು ಬೆಳಗಾವಿಯಿಂದ ಮೂಡುಬಿದಿರೆಯವರೆಗೆ ಎಲ್ಲ ಕಡೆ ಇವೆ. ಈಗ ಈ ಯೋಚನೆ ಬರುವ ಸಂದರ್ಭ ಬೇರೆ. ಬೆಂಗಳೂರಿನ ಕೆಲಸ ಬಿಟ್ಟು ಮಗ ಊರಿಗೆ ಬಂದಿರುತ್ತಾನೆ, ಅಥವಾ ತಂದೆಯ ನಿವೃತ್ತಿಯ ಹಣ ಕೈಸೇರಿರುತ್ತದೆ, ಇಲ್ಲವೇ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಖಾಲಿಯಾಗಿದೆ ಎಂದು ಯಾರೋ ಹೇಳಿರುತ್ತಾರೆ. ನಾಲ್ಕು ದಿನದಲ್ಲಿ ಅಡ್ವಾನ್ಸ್ ಕೊಟ್ಟು, ಮುಹೂರ್ತ ನೋಡಿ, ಪೂಜೆಯೂ ಮುಗಿದುಹೋಗುತ್ತದೆ. ಲೆಕ್ಕ ಹಾಕುವುದು ಅದರ ನಂತರ.

ಹೀಗೆ ಹಾಕುವ ಹಣ ಸಾಮಾನ್ಯವಾಗಿ ಬ್ಯಾಂಕಿನಲ್ಲಿದ್ದ ಠೇವಣಿ, ತಾಯಿಯ ಬಂಗಾರ ಅಥವಾ ಜಮೀನಿನ ಮೇಲಿನ ಸಾಲ. ಆದ್ದರಿಂದ ಲೆಕ್ಕ ಮೊದಲೇ ಆಗಬೇಕು. ತಾಲ್ಲೂಕು ಕೇಂದ್ರದ ಒಂದು ದಿನಸಿ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಲೆಕ್ಕವನ್ನು ಇಲ್ಲಿ ವಿವರಿಸಿದೆ. ಅಂಕಿಗಳು ವಿಧಾನ ತೋರಿಸಲು ಮಾತ್ರ. ನಿಮ್ಮ ಊರಿನ ಬಾಡಿಗೆ, ನಿಮ್ಮ ಸರಕಿನ ಲಾಭ ಹಾಕಿಕೊಂಡು ಮತ್ತೆ ಮಾಡಿ ನೋಡಿ. ಬಟ್ಟೆ, ಸ್ಟೇಷನರಿ, ಪಾತ್ರೆ ಅಂಗಡಿಗೂ ಕ್ರಮ ಇದೇ.

ದಿನಕ್ಕೆ ಎಷ್ಟು ಬಿಲ್ ಆಗಬೇಕು?

ಮಳಿಗೆ ಬಾಡಿಗೆ ತಿಂಗಳಿಗೆ 14,000 ರೂ., ಅರ್ಧ ದಿನ ಬರುವ ಸಹಾಯಕರಿಗೆ 9,000 ರೂ., ವಿದ್ಯುತ್ 2,500 ರೂ., ಫೋನ್, ಚೀಲ, ಸ್ವಚ್ಛತೆ ಇತ್ಯಾದಿಗೆ 2,000 ರೂ. ಎಂದುಕೊಳ್ಳೋಣ. ಒಟ್ಟು 27,500 ರೂ. ಸರಾಸರಿ ಲಾಭ ಮಾರಾಟದ ಶೇ. 12 ಎಂದು ಹಿಡಿದರೆ ಈ ಖರ್ಚು ಹುಟ್ಟಲು ತಿಂಗಳಿಗೆ ಸುಮಾರು 2,29,000 ರೂ. ವ್ಯಾಪಾರ ಬೇಕು. ತಿಂಗಳಿಗೆ 28 ದಿನ ಅಂಗಡಿ ತೆರೆದರೆ ದಿನಕ್ಕೆ ಸುಮಾರು 8,200 ರೂ. ಒಬ್ಬ ಗಿರಾಕಿ ಸರಾಸರಿ 250 ರೂ. ಸಾಮಾನು ಕೊಂಡರೆ ದಿನಕ್ಕೆ 33 ಬಿಲ್.

ಮನೆಯವರ ಮುಂದೆ ಬರುವುದು ಈ 33ರ ಅಂಕಿ. ‘ದಿನಕ್ಕೆ 33 ಜನ ಬರುವುದಿಲ್ಲವೇ?’ ಎಂದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಆದರೆ ಇದರಲ್ಲಿ ಮೂರು ಖರ್ಚು ಬಿಟ್ಟುಹೋಗಿವೆ. ಮೊದಲನೆಯದು ಗಲ್ಲೆಯಲ್ಲಿ ಕೂರುವವರ ಸಂಬಳ. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಕೂರುವ ಮಗ ಬೇರೆ ಕಡೆ ದುಡಿದರೆ ಕನಿಷ್ಠ 20,000 ರೂ. ತರುತ್ತಿದ್ದನಲ್ಲವೇ? ಎರಡನೆಯದು ಹಾಕಿದ ಬಂಡವಾಳದ ಬಡ್ಡಿ. 6 ಲಕ್ಷ ರೂ.ಗೆ ವರ್ಷಕ್ಕೆ ಶೇ. 10ರಂತೆ ತಿಂಗಳಿಗೆ 5,000 ರೂ. ಸ್ವಂತ ಹಣವಾದರೂ ಠೇವಣಿಯಲ್ಲಿದ್ದಾಗ ಅದು ಬಡ್ಡಿ ತರುತ್ತಿತ್ತು, ಆದ್ದರಿಂದ ಲೆಕ್ಕದಿಂದ ಬಿಡುವಂತಿಲ್ಲ. ಮೂರನೆಯದು ಸವಕಳಿ. ರ‍್ಯಾಕ್, ಫ್ರಿಜ್, ತಕ್ಕಡಿ, ಬೋರ್ಡು ಸೇರಿ 1.5 ಲಕ್ಷ ರೂ. ಖರ್ಚಾಗಿ, ಐದು ವರ್ಷ ಬಾಳಿದರೆ ತಿಂಗಳಿಗೆ 2,500 ರೂ. ಈ ಮೂರೂ ಸೇರಿ ಮತ್ತೆ 27,500 ರೂ. ಅಲ್ಲಿಗೆ ಖರ್ಚು 55,000 ರೂ.ಗೆ ಏರಿತು. ಬೇಕಾದ ವ್ಯಾಪಾರ ತಿಂಗಳಿಗೆ ಸುಮಾರು 4,58,000 ರೂ., ದಿನಕ್ಕೆ 16,400 ರೂ. 33 ಬಿಲ್ ಇದ್ದದ್ದು 66 ಆಯಿತು.

33 ಮತ್ತು 66ರ ನಡುವೆ ನಡೆಯುವ ಅಂಗಡಿಗಳು ಪ್ರತಿ ಊರಿನಲ್ಲೂ ಇವೆ. ಅವು ಮುಚ್ಚುವುದಿಲ್ಲ, ಹೊರಗಿನಿಂದ ನೋಡಿದರೆ ವ್ಯಾಪಾರ ಇದೆ ಎಂದೇ ಕಾಣುತ್ತದೆ. ಒಳಗೆ ಮಾತ್ರ ಮನೆಯ ಒಬ್ಬರು ಸಂಬಳವಿಲ್ಲದೆ ದುಡಿಯುತ್ತಿರುತ್ತಾರೆ. ಅದು ಬೇಡವೆಂದು ಹೇಳಲಾಗದು. ಮಕ್ಕಳೆಲ್ಲ ದೂರದಲ್ಲಿದ್ದು, ನಿವೃತ್ತರೊಬ್ಬರು ಹೊತ್ತು ಕಳೆಯಲು ಅಂಗಡಿ ನಡೆಸಿದರೆ ಅದು ಅವರ ಇಷ್ಟ. ಇಪ್ಪತ್ತೇಳು ವರ್ಷದ ಮಗನ ಸಂಸಾರ ಅದರ ಮೇಲೆ ನಿಲ್ಲಬೇಕಾದರೆ ಲೆಕ್ಕ 66ರದ್ದೇ.

ಸ್ವಂತ ಕಟ್ಟಡವಿದ್ದವರು ಬಾಡಿಗೆಯನ್ನು ಸೊನ್ನೆ ಎಂದು ಬರೆಯುತ್ತಾರೆ. ಅದೇ ಮಳಿಗೆಯನ್ನು ಬೇರೆಯವರಿಗೆ ಕೊಟ್ಟರೆ 14,000 ರೂ. ಬರುವಂತಿದ್ದರೆ ಅಂಗಡಿಯ ಪುಸ್ತಕದಲ್ಲಿ ಆ 14,000 ರೂ. ಖರ್ಚೆಂದು ಬರೆಯಬೇಕು. ಇಲ್ಲದಿದ್ದರೆ ಕಟ್ಟಡ ದುಡಿದದ್ದನ್ನು ಅಂಗಡಿ ದುಡಿಯಿತೆಂದು ತಿಳಿಯುವುದಾಗುತ್ತದೆ. ಅಣ್ಣತಮ್ಮಂದಿರ ಪಾಲಿನ ಕಟ್ಟಡವಾದರಂತೂ ಈ ಬಾಡಿಗೆಯನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಲಾಭದ ಶೇಕಡಾವಾರಿನಲ್ಲೂ ಒಂದು ತಪ್ಪು ಸಾಮಾನ್ಯ. 100 ರೂ.ಗೆ ತಂದು 112 ರೂ.ಗೆ ಮಾರಿದರೆ ಲಾಭ ಶೇ. 12 ಎನ್ನುತ್ತೇವೆ. ಅದು ಕೊಂಡ ಬೆಲೆಯ ಮೇಲಿನ ಲೆಕ್ಕ. ಮಾರಾಟದ ಮೇಲೆ ಅದು ಶೇ. 10.7 ಮಾತ್ರ. ಅಷ್ಟರಿಂದಲೇ ದಿನದ ಬಿಲ್ 66ರಿಂದ 74ಕ್ಕೆ ಹೋಗುತ್ತದೆ. ಗಲ್ಲೆಯಲ್ಲಿ ಕಾಣುವುದು ಮಾರಾಟದ ಹಣವಾದ್ದರಿಂದ ಲಾಭವನ್ನೂ ಅದರ ಮೇಲೇ ಎಣಿಸಬೇಕು.

66 ಜನ ಎಲ್ಲಿಂದ ಬರುತ್ತಾರೆ?

ಇದನ್ನು ಮನೆಯಲ್ಲಿ ಕುಳಿತು ತಿಳಿಯಲಾಗದು. ಮಳಿಗೆಯ ಎದುರು ನಿಂತು ನೋಡಬೇಕು. ಒಂದು ದಿನ ಸಾಲದು. ತಿಂಗಳ ಮೊದಲ ವಾರ ಒಮ್ಮೆ, ಕೊನೆಯ ವಾರ ಒಮ್ಮೆ, ಸಂತೆಯ ದಿನ ಒಮ್ಮೆ, ಬೆಳಿಗ್ಗೆಯೂ ಸಂಜೆಯೂ. ಆ ರಸ್ತೆಯಲ್ಲಿ ಹಾದುಹೋಗುವವರ ಸಂಖ್ಯೆ ಮುಖ್ಯವಲ್ಲ, ಅಲ್ಲಿ ನಿಲ್ಲುವವರ ಸಂಖ್ಯೆ ಮುಖ್ಯ. ಬಸ್ ಹಿಡಿಯಲು ಓಡುವವರು ಹತ್ತು ಕಿಲೋ ಅಕ್ಕಿ ಕೊಳ್ಳುವುದಿಲ್ಲ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದ ಮುಖ್ಯರಸ್ತೆಗಿಂತ ಮನೆಗಳ ನಡುವಿನ ಅಡ್ಡರಸ್ತೆ ದಿನಸಿಗೆ ಎಷ್ಟೋ ಮೇಲು, ಬಾಡಿಗೆಯೂ ಕಡಿಮೆ.

ಅಲ್ಲಿನ ಜನ ಈಗ ಎಲ್ಲಿ ಕೊಳ್ಳುತ್ತಿದ್ದಾರೆ ಎಂಬುದನ್ನೂ ನೋಡಿ. ಎಲ್ಲರೂ ಈಗಾಗಲೇ ಎಲ್ಲೋ ಸಾಮಾನು ತರುತ್ತಲೇ ಇದ್ದಾರೆ. ನಿಮ್ಮ 66 ಬಿಲ್ ಅಂದರೆ ಇನ್ನೊಬ್ಬರ ಅಂಗಡಿಯಿಂದ ಬರಬೇಕಾದ 66 ಬಿಲ್. ಅವರು ಅಲ್ಲಿಂದ ಎದ್ದು ಬರಲು ಕಾರಣವೇನು? ‘ನಮ್ಮದು ಒಳ್ಳೆಯ ಗುಣಮಟ್ಟ’ ಎಂಬುದು ಕಾರಣವಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ಹೊಸ ಬಡಾವಣೆಯಾಗಿ ಹತ್ತಿರ ಅಂಗಡಿಯೇ ಇಲ್ಲ, ಇರುವ ಅಂಗಡಿಯವರು ವಯಸ್ಸಾಗಿ ಮುಚ್ಚುತ್ತಿದ್ದಾರೆ, ಮನೆಗೆ ತಲುಪಿಸುವವರು ಯಾರೂ ಇಲ್ಲ ಎಂಬಂಥವು ಕಾರಣಗಳು. ಪಡಿತರ ಅಕ್ಕಿ ಪಡೆಯುವ ಮನೆಗಳೇ ಹೆಚ್ಚಿರುವ ಕಡೆ ಸಾಧಾರಣ ಅಕ್ಕಿಯ ಮಾರಾಟ ಕಡಿಮೆಯೇ ಇರುತ್ತದೆ. ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಮೊಬೈಲ್‌ನಲ್ಲಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಸಾಮಾನು ಮನೆಗೆ ಬರುತ್ತದೆ. ಅಲ್ಲಿ ಹೊಸ ದಿನಸಿ ಅಂಗಡಿಗೆ ಕಾರಣ ಇನ್ನೂ ಗಟ್ಟಿಯಾಗಿರಬೇಕು.

ಊರಿನ ವ್ಯಾಪಾರ ಚೆನ್ನಾಗಿ ಗೊತ್ತಿರುವವರು ಕಂಪನಿಗಳ ಸೇಲ್ಸ್‌ಮನ್‌ಗಳು. ಸಾಬೂನು, ಬಿಸ್ಕತ್ತು, ಎಣ್ಣೆಯ ಆರ್ಡರ್ ತೆಗೆದುಕೊಳ್ಳಲು ವಾರಕ್ಕೊಮ್ಮೆ ಅಂಗಡಿ ಅಂಗಡಿ ಸುತ್ತುವ ಇವರಿಗೆ ಯಾವ ಬೀದಿಯಲ್ಲಿ ಸರಕು ಓಡುತ್ತದೆ, ಯಾವ ಅಂಗಡಿ ಹಳೆಯ ಬಿಲ್ ಕಟ್ಟದೆ ಮುಂದೂಡುತ್ತಿದೆ ಎಂಬುದು ತಿಳಿದಿರುತ್ತದೆ. ಇಬ್ಬರು ಮೂವರ ಜೊತೆ ಚಹಾ ಕುಡಿದು ಮಾತಾಡಿದರೆ ವಾರಗಟ್ಟಲೆ ಸುತ್ತಿದಷ್ಟು ವಿಷಯ ಸಿಗುತ್ತದೆ. ಜೊತೆಗೆ, ಆ ಮಳಿಗೆಯಲ್ಲಿ ಐದು ವರ್ಷದಲ್ಲಿ ಎಷ್ಟು ಅಂಗಡಿಗಳು ಬಂದುಹೋದವು ಎಂದು ಪಕ್ಕದ ಟೈಲರ್ ಅಥವಾ ಚಹಾದವರನ್ನು ಕೇಳಿ. ಮೂರು ಬಂದು ಹೋಗಿದ್ದರೆ ಹೋದವರಲ್ಲಿ ಒಬ್ಬರನ್ನಾದರೂ ಹುಡುಕಿ ಮಾತಾಡಿಸುವವರೆಗೆ ಅಡ್ವಾನ್ಸ್ ಕೊಡಬೇಡಿ.

‘ನಮ್ಮವರು ಬರುತ್ತಾರೆ’ ಎಂಬ ಲೆಕ್ಕ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ರಾಜ್ಯದ ಜನಸಂಖ್ಯೆಯಲ್ಲಿ ಶೇ. 1ಕ್ಕಿಂತ ಕಡಿಮೆ. ಒಂದು ತಾಲ್ಲೂಕು ಕೇಂದ್ರದಲ್ಲಿ ಸಮಾಜದ 60 ಮನೆಗಳಿವೆ, ಪ್ರತಿ ಮನೆಯ ತಿಂಗಳ ದಿನಸಿ 6,000 ರೂ., ಅರ್ಧದಷ್ಟು ಮನೆಯವರು ನಿಮ್ಮಲ್ಲೇ ಕೊಳ್ಳುತ್ತಾರೆ ಎಂದು ಉದಾರವಾಗಿಯೇ ಹಿಡಿಯಿರಿ. ಬರುವುದು 1,80,000 ರೂ. ಬೇಕಾದದ್ದು 4,58,000 ರೂ. ಬಾಕಿ ಊರಿನ ಇತರರಿಂದಲೇ ಬರಬೇಕು. ನಮ್ಮವರು ದರದಲ್ಲಿ ರಿಯಾಯಿತಿಯನ್ನೂ ಹಣದಲ್ಲಿ ವಾಯಿದೆಯನ್ನೂ ಸ್ವಲ್ಪ ಹೆಚ್ಚೇ ನಿರೀಕ್ಷಿಸುತ್ತಾರೆ ಎಂಬುದು ಗಲ್ಲೆಯಲ್ಲಿ ಕುಳಿತವರಿಗೆಲ್ಲ ಗೊತ್ತು, ಬಸದಿಯಲ್ಲಿ ಹೇಳುವುದಿಲ್ಲ ಅಷ್ಟೇ. ದಶಲಕ್ಷಣ ಪರ್ವ, ಚಾತುರ್ಮಾಸದ ದಿನಗಳ ವಿಶೇಷ ಬೇಡಿಕೆ ನಿಜ, ಆದರೆ ಬಾಡಿಗೆ ಹನ್ನೆರಡು ತಿಂಗಳೂ ಕಟ್ಟಬೇಕು.

ಇದಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ಏನು ಇಡುವುದಿಲ್ಲ ಎಂಬುದು. ಮೊಟ್ಟೆ, ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಜೇನುತುಪ್ಪ, ಬೀಡಿ ಸಿಗರೇಟು, ಗುಟ್ಕಾ ಇಡಬಾರದೆಂದು ಕೆಲವು ಮನೆಗಳಲ್ಲಿ ಕಟ್ಟುನಿಟ್ಟು, ಕೆಲವರಲ್ಲಿ ಅಷ್ಟಿಲ್ಲ. ಅದು ಆಯಾ ಮನೆಯ ತೀರ್ಮಾನ. ಲೆಕ್ಕದಲ್ಲಿ ಮಾತ್ರ ಅದು ಕಾಣಬೇಕು. ಈರುಳ್ಳಿ, ಆಲೂಗಡ್ಡೆ, ಮೊಟ್ಟೆಗಾಗಿ ಜನ ದಿನದಿನವೂ ಅಂಗಡಿಗೆ ಬರುತ್ತಾರೆ. ಅವು ಇಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋದವರು ಬೇಳೆ, ಎಣ್ಣೆಯನ್ನೂ ಅಲ್ಲೇ ತರುತ್ತಾರೆ. ಹಾಗಾಗಿ ಇವನ್ನು ಬಿಡುವವರು ಸಾಮಾನ್ಯ ಕಿರಾಣಿ ಅಂಗಡಿಯನ್ನೇ ಅನುಕರಿಸಿದರೆ ಸೋಲುವ ಸಂಭವವೇ ಹೆಚ್ಚು. ತಿಂಗಳ ಸಾಮಾನನ್ನು ಒಟ್ಟಿಗೆ ಒಯ್ಯುವ ಮನೆಗಳಿರುವ ಕಡೆ, ಅಥವಾ ಒಳ್ಳೆಯ ತರಕಾರಿ ಅಂಗಡಿಯ ಮಗ್ಗುಲಲ್ಲೇ ಜಾಗ ನೋಡಬೇಕು. ಬಿಲ್ ಸಂಖ್ಯೆ ಕಡಿಮೆಯಾದರೂ ಒಂದು ಬಿಲ್ 250 ರೂ. ಬದಲು 600 ರೂ. ಆದರೆ ದಿನಕ್ಕೆ 28 ಬಿಲ್ ಸಾಕು. ಹುರಿದು ಪುಡಿಮಾಡಿದ ಸಾಂಬಾರ ಪದಾರ್ಥ, ಸಿರಿಧಾನ್ಯ, ಆರಿಸಿ ಸ್ವಚ್ಛ ಮಾಡಿದ ಬೇಳೆಕಾಳು, ಗಡ್ಡೆಗೆಣಸಿಲ್ಲದ ಕುರುಕಲು ತಿಂಡಿ ಇಂಥವುಗಳಲ್ಲಿ ಲಾಭದ ಪ್ರಮಾಣವೂ ಹೆಚ್ಚು.

ಅಂಗಡಿಯೊಳಗೆ ಗಾಣ ಹಾಕಿ ಎಣ್ಣೆ ತೆಗೆಯುವ, ಅಥವಾ ಕೀಟನಾಶಕ ಮಾರುವ ಯೋಚನೆ ಇದ್ದರೆ ಮನೆಯ ಹಿರಿಯರೊಡನೆ ಮೊದಲೇ ಮಾತಾಡಿಕೊಳ್ಳಿ. ಶ್ರಾವಕರು ಬಿಡಬೇಕೆಂದು ಹೇಳಿರುವ ಹದಿನೈದು ವೃತ್ತಿಗಳ ಹಳೆಯ ಪಟ್ಟಿಯಲ್ಲಿ ಯಂತ್ರಪೀಡನವೂ ವಿಷವಾಣಿಜ್ಯವೂ ಇವೆ. ಯಂತ್ರಕ್ಕೆ ಹಣ ಕಟ್ಟಿದ ಮೇಲೆ ಈ ಚರ್ಚೆ ಎದ್ದರೆ ಹಣವೂ ಹೋಗುತ್ತದೆ, ಮನಸ್ತಾಪವೂ ಉಳಿಯುತ್ತದೆ.

ಮೊದಲ ಏಳು ತಿಂಗಳು

ಹೊಸ ಅಂಗಡಿಗಳು ಹೆಚ್ಚಾಗಿ ಸೋಲುವುದು ಇಲ್ಲಿ. ನಮ್ಮ ಉದಾಹರಣೆಯ 6 ಲಕ್ಷ ರೂ. ಹೀಗೆ ಹಂಚಿಹೋಗಿದೆ: ಮಳಿಗೆಗೆ ಅಡ್ವಾನ್ಸ್ 1 ಲಕ್ಷ, ರ‍್ಯಾಕ್, ಫ್ರಿಜ್ ಇತ್ಯಾದಿಗೆ 1.5 ಲಕ್ಷ, ಸರಕಿಗೆ 3 ಲಕ್ಷ, ಕೈಯಲ್ಲಿ 50,000. ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ.

ಮೊದಲ ತಿಂಗಳೇ 66 ಬಿಲ್ ಆಗುವುದಿಲ್ಲ. 25ರಿಂದ ಆರಂಭವಾಗಿ ತಿಂಗಳಿಗೆ ಐದರಂತೆ ಏರುತ್ತದೆ ಎಂದುಕೊಳ್ಳಿ, ಅದೂ ಒಳ್ಳೆಯ ಬೆಳವಣಿಗೆಯೇ. ದಿನಕ್ಕೆ ಒಂದು ಬಿಲ್ ಎಂದರೆ ತಿಂಗಳಿಗೆ 840 ರೂ. ಲಾಭ. ಮೊದಲ ತಿಂಗಳು 25 ಬಿಲ್‌ಗೆ 21,000 ರೂ. ಹುಟ್ಟುತ್ತದೆ. ಅಂಗಡಿ ಖರ್ಚು 27,500, ಮನೆ ನಡೆಸಲು 20,000, ಒಟ್ಟು 47,500 ರೂ. ಬೇಕು. ಕೊರತೆ 26,500. ಎರಡನೇ ತಿಂಗಳು 22,300, ಮೂರನೆಯದು 18,100. ಹೀಗೆ ಇಳಿಯುತ್ತ ಎಂಟನೇ ತಿಂಗಳಿಗೆ ಕೊರತೆ ನಿಲ್ಲುತ್ತದೆ. ಅಷ್ಟರಲ್ಲಿ ಏಳು ತಿಂಗಳ ಕೊರತೆ ಸೇರಿ 97,300 ರೂ. ಸಾಲದ ಹಣವಾಗಿದ್ದರೆ ಬಡ್ಡಿ 35,000 ಬೇರೆ. ಒಟ್ಟು 1,32,300 ರೂ. ಕೈಯಲ್ಲಿಟ್ಟಿದ್ದು 50,000.

ಉಳಿದ 82,300 ರೂ. ಎಲ್ಲಿಂದ ಬರುತ್ತದೆ? ಸರಕಿನಿಂದ. ಮಾರಿದ ಅಕ್ಕಿಯ ಹಣದಲ್ಲಿ ಮತ್ತೆ ಅಕ್ಕಿ ತರುವ ಬದಲು ಬಾಡಿಗೆ ಕಟ್ಟುತ್ತೇವೆ. ಮೂರು ಲಕ್ಷದ ಸರಕು ಯಾರಿಗೂ ಗೊತ್ತಾಗದಂತೆ ಎರಡು ಲಕ್ಷಕ್ಕೆ ಇಳಿಯುತ್ತದೆ. ರ‍್ಯಾಕ್‌ಗಳಲ್ಲಿ ಡಬ್ಬಗಳು ಮುಂದಿನ ಸಾಲಿಗಷ್ಟೇ ನಿಲ್ಲುತ್ತವೆ. ಕೇಳಿದ ಐದು ಸಾಮಾನಿನಲ್ಲಿ ಎರಡು ‘ನಾಳೆ ಬರುತ್ತದೆ’ ಎಂಬ ಉತ್ತರವಾದಾಗ ಗಿರಾಕಿ ಮುಂದಿನ ಬಾರಿ ಇತ್ತ ಬರುವುದಿಲ್ಲ. ಆಗ ಮನೆಯಲ್ಲಿ ‘ವ್ಯಾಪಾರ ಇಲ್ಲ’ ಎನ್ನುತ್ತಾರೆ. ವ್ಯಾಪಾರ ಏರುತ್ತಲೇ ಇತ್ತು, ಹಣ ಮೊದಲೇ ಮುಗಿಯಿತು. ಈ ಉದಾಹರಣೆಯಲ್ಲಿ ಒಂದೂವರೆ ಲಕ್ಷವನ್ನು ಮುಟ್ಟದೆ ಬೇರೆ ಖಾತೆಯಲ್ಲಿ ಇಡಲಾಗದಿದ್ದರೆ ಅಂಗಡಿಯನ್ನು ಚಿಕ್ಕದು ಮಾಡಬೇಕು, ಇಲ್ಲವೇ ಒಂದು ವರ್ಷ ತಡೆಯಬೇಕು.

ಉದ್ರಿಯೂ ಇದೇ ಹಣವನ್ನು ತಿನ್ನುತ್ತದೆ. ತಿಂಗಳ ವ್ಯಾಪಾರದಲ್ಲಿ ಐದನೇ ಒಂದು ಭಾಗ ಉದ್ರಿ ಹೋದರೆ ಸುಮಾರು 92,000 ರೂ. ಸದಾ ಹೊರಗಿರುತ್ತದೆ. 1,000 ರೂ. ಉದ್ರಿ ಮುಳುಗಿದರೆ ಹೋದ ಸರಕಿನ ಬೆಲೆ 880 ರೂ. ಅದನ್ನು ಶೇ. 12ರ ಲಾಭದಲ್ಲಿ ತುಂಬಿಕೊಳ್ಳಲು 7,300 ರೂ.ಗೂ ಹೆಚ್ಚು ವ್ಯಾಪಾರ ಮಾಡಬೇಕು. ತಿಂಗಳ ಸಂಬಳದವರಿಗೆ ಉದ್ರಿ ಕೊಡದೆ ಕೆಲವು ಊರುಗಳಲ್ಲಿ ವ್ಯಾಪಾರವೇ ನಡೆಯದು. ಕೊಡುವುದಾದರೆ ಎಷ್ಟು ಮನೆಗೆ, ಎಷ್ಟರವರೆಗೆ ಎಂದು ಮೊದಲ ದಿನವೇ ಗೆರೆ ಹಾಕಿಕೊಂಡು ಆ ಮೊತ್ತವನ್ನು ಬಂಡವಾಳದಲ್ಲಿ ಸೇರಿಸಿ.

ಸರಕು ಎಷ್ಟು ಬೇಗ ತಿರುಗುತ್ತದೆ ಎಂಬುದು ಲಾಭದ ಪ್ರಮಾಣದಷ್ಟೇ ಮುಖ್ಯ. ಸಕ್ಕರೆಯಲ್ಲಿ 100 ರೂ.ಗೆ 4 ರೂ. ಸಿಕ್ಕಿ ವಾರಕ್ಕೊಮ್ಮೆ ಖಾಲಿಯಾದರೆ ತಿಂಗಳಿಗೆ 16 ರೂ. ಅದೇ 100 ರೂ. ಹಾಕಿದ ಅಲಂಕಾರದ ಡಬ್ಬಿಯಲ್ಲಿ 25 ರೂ. ಸಿಕ್ಕರೂ ಮಾರಲು ನಾಲ್ಕು ತಿಂಗಳು ಹಿಡಿದರೆ ತಿಂಗಳಿಗೆ 6 ರೂ. ಹೊಸಬರು ಎರಡನೆಯದಕ್ಕೇ ಮನಸೋಲುತ್ತಾರೆ.

ತೆರಿಗೆ, ಪರವಾನಗಿ, ಸಾಲ

ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಮ್ಮ ಉದಾಹರಣೆಯ ಅಂಗಡಿ ಗಿಟ್ಟಬೇಕಾದರೆ ವಹಿವಾಟು ವರ್ಷಕ್ಕೆ ಸುಮಾರು 55 ಲಕ್ಷ ಆಗಲೇಬೇಕು. ಅಂದರೆ ನೋಂದಣಿಯ ಖರ್ಚು ಲೆಕ್ಕದ ಭಾಗವೇ. ತೆರಿಗೆ ಇರುವ ಸರಕಿನ ಜೊತೆ ತೆರಿಗೆ ಇಲ್ಲದ ಸರಕಿನ ಮಾರಾಟವೂ ಈ ಮಿತಿಯ ಎಣಿಕೆಗೆ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಬಹುದು. 1.5 ಕೋಟಿ ರೂ.ವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿ ಇದೆ. ವ್ಯಾಪಾರಿಗೆ ಶೇ. 1 ತೆರಿಗೆ, ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಹಿಂಪಡೆಯುವಂತೆಯೂ ಇಲ್ಲ. ಶೇ. 12ರ ಲಾಭದಲ್ಲಿ ಶೇ. 1 ಸಣ್ಣದಲ್ಲ.

ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ಬೇಳೆ, ಹಿಟ್ಟಿಗೆ ಜಿಎಸ್‌ಟಿ ಇಲ್ಲ. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಪ್ಯಾಕಿಗೆ 2022ರ ಜುಲೈ 18ರಿಂದ ಶೇ. 5 ಇದೆ. ಸ್ವಂತ ಹೆಸರಿನ ಪ್ಯಾಕ್ ಮಾಡುವ ಆಸೆಯಿದ್ದವರು ಇದನ್ನು ದರದಲ್ಲಿ ಸೇರಿಸಬೇಕು. ಪ್ಯಾಕಿನ ಮೇಲೆ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದಿನಾಂಕ ಇರಬೇಕು. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ, ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಸಹಾಯಕರ ಸಂಬಳ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಆಗಬಾರದು. ಮಳಿಗೆಯ ಕರಾರು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದಾದರೆ ಅದನ್ನು ನೋಂದಣಿ ಮಾಡಿಸಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿ ಒಂದೂವರೆ ಲಕ್ಷದ ರ‍್ಯಾಕ್ ಹಾಕುವವರು ಹನ್ನೆರಡನೇ ತಿಂಗಳು ಬಾಡಿಗೆ ಎಷ್ಟಾಗುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಲೇಬೇಕು.

ಸಾಲ ಬೇಕಾದವರಿಗೆ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ 50,000 ರೂ.ವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್ ಸಾಲಗಳಿವೆ. ಜೈನ ಸಮುದಾಯ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿತವಾಗಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸ್ವಯಂ ಉದ್ಯೋಗ ಯೋಜನೆಗಳಿಗೆ ಅರ್ಹ ಕುಟುಂಬಗಳು ಅರ್ಜಿ ಹಾಕಬಹುದು. ಆದಾಯ ಮಿತಿ, ಸಹಾಯಧನ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಸಾಲ ಮಂಜೂರಾಯಿತೆಂದ ಮಾತ್ರಕ್ಕೆ ಅಂಗಡಿ ನಡೆಯುತ್ತದೆಂದು ಬ್ಯಾಂಕು ಒಪ್ಪಿದಂತಲ್ಲ. ಕಂತು ಬರುತ್ತದೆಯೇ ಎಂದಷ್ಟೇ ಅವರು ನೋಡುತ್ತಾರೆ, ಅದು ಅಂಗಡಿಯಿಂದ ಬಂತೋ ಅಪ್ಪನ ಪಿಂಚಣಿಯಿಂದ ಬಂತೋ ಅವರಿಗೆ ಒಂದೇ.

ಮೊದಲು ಚಿಕ್ಕದಾಗಿ

ಮಳಿಗೆ ಹಿಡಿಯದೆಯೂ ಪರೀಕ್ಷೆ ಮಾಡಬಹುದು. 40,000 ರೂ. ಸರಕು ತಂದು ಮೂರು ತಿಂಗಳು ಮನೆಯಿಂದಲೇ, ಫೋನ್ ಮತ್ತು ವಾಟ್ಸ್ಆ್ಯಪ್ ಆರ್ಡರ್ ಪಡೆದು ಮಾರಿ ನೋಡಿ. ಎಫ್‌ಎಸ್‌ಎಸ್‌ಎಐ ನೋಂದಣಿ ಆಗಲೂ ಬೇಕು. ನೆಂಟರು, ಸ್ನೇಹಿತರು ಕೊಂಡದ್ದನ್ನು ಬೇರೆ ಪುಟದಲ್ಲಿ ಬರೆಯಿರಿ. ಮುಖ ಪರಿಚಯವಿಲ್ಲದ ಎಷ್ಟು ಮನೆಗಳು ಎರಡನೇ ಸಲ, ಮೂರನೇ ಸಲ ಕೇಳಿದವು ಎಂಬುದೊಂದೇ ಇಲ್ಲಿ ನೋಡಬೇಕಾದದ್ದು. ಮೊದಲ ಸಲ ಮೊಮಾಟಕ್ಕಾಗಿ ಕೊಳ್ಳುವವರು ಬಹಳ. ಮೂರು ತಿಂಗಳಲ್ಲಿ ಅಂಥ ಮೂವತ್ತು ಮನೆಯೂ ನಿಲ್ಲದಿದ್ದರೆ ಹೋಗುವುದು ಕೆಲವು ಸಾವಿರ, ಅಡ್ವಾನ್ಸ್ ಅಲ್ಲ.

ಅಂಗಡಿ ತೆರೆಯುವುದೆಂದು ಗಟ್ಟಿಯಾದರೆ ಯಾವಾಗ ಮುಚ್ಚುವುದು ಎಂಬುದನ್ನೂ ಅಂದೇ ಒಂದು ಹಾಳೆಯಲ್ಲಿ ಬರೆದು ಮನೆಯವರೆಲ್ಲ ಸಹಿ ಹಾಕಿ ಇಡಿ. ಉದಾಹರಣೆಗೆ, ಆರನೇ ತಿಂಗಳ ಕೊನೆಗೆ ದಿನದ ಸರಾಸರಿ 40 ಬಿಲ್ ದಾಟದಿದ್ದರೆ, ಅಥವಾ ಬೇರೆಯಾಗಿಟ್ಟ ಒಂದೂವರೆ ಲಕ್ಷ ಮುಗಿದರೆ, ಹೊಸ ಹಣ ಹಾಕುವುದಿಲ್ಲ ಎಂದು. ಆ ಹೊತ್ತಿಗೆ ಗಡುವು ಮೀರದ ಕಂಪನಿ ಸರಕನ್ನು ವಿತರಕರು ಹಿಂದಕ್ಕೆ ಪಡೆಯುತ್ತಾರೆಯೇ, ಎಷ್ಟು ಕಡಿತ ಮಾಡುತ್ತಾರೆ ಎಂದು ಮೊದಲ ಆರ್ಡರ್ ಕೊಡುವಾಗಲೇ ಕೇಳಿ ಬರೆದುಕೊಳ್ಳಿ. ಮಳಿಗೆಯ ಮಾಲೀಕರು ಅಡ್ವಾನ್ಸ್ ಎಷ್ಟು ದಿನದಲ್ಲಿ ಮರಳಿಸಬೇಕೆಂಬುದೂ ಕರಾರಿನಲ್ಲಿ ಇರಲಿ.